ಅಡ್ಡಕ್ಕೆ ಹೌದು, ಉದ್ದಕ್ಕೆ ಇಲ್ಲ

"ನಾನು ಯಾವಾಗ ಇಲ್ಲ ಅಂದೆ? ನಿಮ್ಮಮ್ಮನಿಗೆ ಫೋನ್ ಮಾಡಿ ಹೇಳೋಕೆ ಬಾಯಿ ಇತ್ತಲ್ಲ, ಈಗ ನನ್ನೆದುರಿಗೂ ಹೇಳು."

"ಸೇತುವೆ ಮೇಲೆ ಅಂದ್ಯಲ್ಲ ನೀನು."

"ಸೇತುವೆ ಮೇಲೆ ನಾನು ಬಾಯೇ ಬಿಡಲಿಲ್ಲ."

"ತಲೆ ಆಡಿಸಿದೆ."

"ಹೌದು ಅಂತ ಆಡಿಸಿದೆ ಕಣೋ, ಮಂಕೇ."

"ಉದ್ದಕ್ಕೆ ಆಡಿಸಿದೆ ರೈನಾ. ಮೇಲಿಂದ ಕೆಳಕ್ಕೆ. ನಾನೇನು ಕುರುಡನಾ?"

"ಕುರುಡನಾಗಿದ್ರೆ ವಾಸಿ ಇತ್ತು. ಒಂದು ಕೋಲು ಕೊಡಿಸಿ ಸುಮ್ಮನಾಗ್ತಿದ್ದೆ."

ರೈನಾಳ ಕೈಯಲ್ಲಿ ಬಾಣಲೆ ಇತ್ತು, ಬಾಣಲೆಯಲ್ಲಿ ನಮ್ಮೆಲ್ಲರ ಮೊಟ್ಟೆ ಇತ್ತು. ಗಾಂಚೊ ಕುರ್ಚಿಯ ಹಿಂದೆ ನಿಂತಿದ್ದ. ವೆನಿಸ್ಸಿನ ಹೊರವಲಯದ ಆ ಹಾಸ್ಟೆಲ್ಲಿನ ಅಡುಗೆಮನೆಯಲ್ಲಿ ತಿಂಡಿ ಮಾಡಿಕೊಳ್ಳುತ್ತಿದ್ದ ಪಡ್ಡೆ ಹುಡುಗ ಹುಡುಗಿಯರೆಲ್ಲ ತಮ್ಮ ತಮ್ಮ ಒಲೆ ಆರಿಸಿ ಗೋಡೆಗೆ ಒರಗಿದ್ದರು. ಅವರಲ್ಲಿ ಒಬ್ಬರಿಗೂ ನಮ್ಮ ಬಲ್ಗೇರಿಯದ ಮಾತು ಬರುವಂತೆ ಕಾಣಲಿಲ್ಲ. ಆದರೆ ಬಾಣಲೆ ಹಿಡಿದ ಹೆಂಗಸು ಒಂದು ಕಡೆ, ಕುರ್ಚಿ ಹಿಡಿದ ಗಂಡಸು ಇನ್ನೊಂದು ಕಡೆ ಇದ್ದರೆ ಮಾತು ಯಾರಿಗೆ ಬೇಕು. ಪೋರ್ಚುಗಲ್ಲಿನ ಹುಡುಗಿಯೊಬ್ಬಳು ನನಗೆ ಬಿಸ್ಕತ್ತು ಕೊಟ್ಟಳು. ಸಿನಿಮಾದಲ್ಲಿ ಪಕ್ಕದ ಸೀಟಿನವರಿಗೆ ಕೊಡುತ್ತಾರಲ್ಲ, ಹಾಗೆ.

ಈ ಜಗಳದಲ್ಲಿ ಏನು ಕೈತಪ್ಪಿ ಹೋಗುತ್ತಿತ್ತು ಎಂದು ಮೊದಲೇ ಹೇಳಿಬಿಡುತ್ತೇನೆ. ಗಾಂಚೊನ ಮದುವೆ ಹೋಗುತ್ತಿತ್ತು. ಹೋಗುತ್ತಿದ್ದ ದಾರಿ ಮಾತ್ರ ಹೇಸಿಗೆ ಹುಟ್ಟಿಸುವಷ್ಟು ಮೂರ್ಖತನದ್ದು. ಅದಕ್ಕೆ ಮುಖ್ಯ ಕಾರಣನಾದವನು ಪಕ್ಕದಲ್ಲೇ ಕೂತು ಬ್ರೆಡ್ಡಿಗೆ ಜಾಮ್ ಸವರುತ್ತಿದ್ದ. ಅವನ ಹೆಸರು ವೆಲಿಚ್ಕೊ.

ವೆಲಿಚ್ಕೊ ನಮ್ಮೂರಿನಲ್ಲಿ ಮೊಳೆ, ಹಗ್ಗ, ಇಲಿ ಬೋನು ಮಾರುವ ಅಂಗಡಿ ಇಟ್ಟವನು. ಒಂದು ಬೇಸಿಗೆಯಲ್ಲಿ ಜರ್ಮನಿಗೆ ಸೌತೆಕಾಯಿ ಕೀಳಲು ಹೋಗಿದ್ದ. ಅಲ್ಲಿ ಟ್ರ್ಯಾಕ್ಟರಿನ ಎರಡೂ ಪಕ್ಕ ರೆಕ್ಕೆಯಂಥ ಹಲಗೆ ಕಟ್ಟಿ, ಅದರ ಮೇಲೆ ಕೂಲಿಯವರನ್ನು ಬೋರಲು ಮಲಗಿಸುತ್ತಾರೆ. ಹಾಗಾಗಿ ಅವನು ಕಂಡ ಜರ್ಮನಿ ಎಂದರೆ ಮೂಗಿನಿಂದ ಒಂದು ಗೇಣು ಕೆಳಗಿರುವ ಮಣ್ಣು. ಆದರೂ ಊರಿಗೆ ಮರಳಿದ ಮೇಲೆ ಯುರೋಪಿನ ವಿಷಯದಲ್ಲಿ ಅವನ ಮಾತೇ ಕೊನೆಯ ಮಾತಾಯಿತು. ಯುರೋಪಿನಲ್ಲಿ ಸೂಪನ್ನು ಹೇಗೆ ಕುಡಿಯುತ್ತಾರೆ, ನಾಯಿಯನ್ನು ಹೇಗೆ ಕರೆಯುತ್ತಾರೆ, ಹೆಣವನ್ನು ಹೇಗೆ ಹೂಳುತ್ತಾರೆ, ಎಲ್ಲವೂ ಅವನಿಗೆ ಗೊತ್ತು.

ನಾವು ನಾಲ್ವರೂ ಡ್ಯಾನ್ಯೂಬ್ ದಂಡೆಯ ಒಂದೇ ಊರಿನವರು, ಊರಿನ ಶಾಲೆಯಲ್ಲಿ ಒಂದೇ ತರಗತಿಯವರು. ಆ ಶಾಲೆಯಲ್ಲಿ ಈಗ ಯಾರೋ ಅಣಬೆ ಬೆಳೆಯುತ್ತಾರೆ. ನಮಗೆಲ್ಲ ಐವತ್ತು ತುಂಬಿದ ವರ್ಷ ಎಂದಿನಂತೆ ಕುರಿ ಸುಟ್ಟು ತಿಂದು, ರಕಿಯಾ ಸಾರಾಯಿ ಕುಡಿದು, ಹಳೆಯ ಜಗಳವನ್ನೇ ಮತ್ತೊಮ್ಮೆ ಆಡಿ ಮಲಗಿದ್ದರೆ ಸಾಕಾಗಿತ್ತು. ವೆಲಿಚ್ಕೊ ಬಿಡಲಿಲ್ಲ.

"ಬೆನ್ನಿಗೆ ಚೀಲ ಹಾಕ್ಕೊಂಡು ಯುರೋಪು ಸುತ್ತೋಣ. ಹುಡುಗರು ಸುತ್ತಲ್ವಾ? ರೈಲಲ್ಲಿ ಹೋಗೋದು, ಹಾಸ್ಟೆಲಲ್ಲಿ ಮಲಗೋದು. ಮನುಷ್ಯ ಒಂದ್ಸಲನಾದ್ರೂ ಹಗುರ ಆಗಬೇಕು ಕಣ್ರೋ."

ಇದನ್ನು ಹೇಳಿದವನು ನೂರಿಪ್ಪತ್ತು ಕಿಲೋ ತೂಗುತ್ತಾನೆ.

ನನ್ನ ಹೆಸರು ದೊಬ್ರಿ, ಟ್ರ್ಯಾಕ್ಟರು, ಪಂಪು ರಿಪೇರಿ ಮಾಡುವವನು. ಬೆನ್ನಿನ ಮೇಲೆ ಭಾರ ಹೊರುವುದನ್ನು ಯಾರಾದರೂ ರಜೆ ಎಂದು ಕರೆಯುತ್ತಾರೆಂದು ನನಗೆ ಗೊತ್ತಿರಲಿಲ್ಲ. ಆದರೂ ಒಪ್ಪಿದೆ. ಯಾಕೆಂದರೆ ರೈನಾ ಒಪ್ಪಿದಳು. ರೈನಾ ಒಪ್ಪಿದ್ದರಿಂದ ಗಾಂಚೊ ಒಪ್ಪಿದ. ಇವರಿಬ್ಬರನ್ನು ವೆಲಿಚ್ಕೊನ ಕೈಗೆ ಒಪ್ಪಿಸಿ ಕಳಿಸಲು ನನಗೆ ಮನಸ್ಸಾಗಲಿಲ್ಲ.

ಗಾಂಚೊ ನಮ್ಮೂರಿನಿಂದ ಪೇಟೆಗೆ ಹೋಗುವ ಬಸ್ಸಿನ ಡ್ರೈವರು. ಒಳ್ಳೆಯವನು. ಎಷ್ಟು ಒಳ್ಳೆಯವನೆಂದರೆ, ಎರಡು ದಾರಿ ಕೂಡುವಲ್ಲಿ ಬಸ್ಸು ನಿಲ್ಲಿಸಿ, ಹಿಂದೆ ತಿರುಗಿ, ಎಡಕ್ಕೆ ಹೋಗಲೋ ಬಲಕ್ಕೆ ಹೋಗಲೋ ಎಂದು ಪ್ರಯಾಣಿಕರ ಮುಖ ನೋಡುತ್ತಾನೆ. ಪೇಟೆ ಬಲಕ್ಕಿದೆ. ಅವನು ಹುಟ್ಟುವ ಮೊದಲಿನಿಂದಲೂ ಬಲಕ್ಕೇ ಇದೆ. ರೈನಾ ನಮ್ಮೂರಿನ ಕ್ಷೌರದಂಗಡಿ ನಡೆಸುತ್ತಾಳೆ, ಗಂಡ ತೀರಿಕೊಂಡು ಬಹಳ ಕಾಲವಾಯಿತು. ಗಾಂಚೊ ವಾರಕ್ಕೊಂದು ಸಲ ಅವಳ ಹತ್ತಿರ ಕೂದಲು ಕತ್ತರಿಸಿಕೊಳ್ಳಲು ಹೋಗುತ್ತಿದ್ದ. ಅವನ ತಲೆಯಲ್ಲಿರುವ ಕೂದಲಿಗೆ ವರ್ಷಕ್ಕೊಂದು ಸಲ ಧಾರಾಳವಾಯಿತು. ಕತ್ತರಿ ಆಡುತ್ತಿತ್ತು, ಕೂದಲು ಬೀಳುತ್ತಿರಲಿಲ್ಲ, ಮಾತು ಹೊರಡುತ್ತಿರಲಿಲ್ಲ. ಕಿಟಕಿಯ ಹೊರಗೆ ಊರು ನೋಡುತ್ತ ವಯಸ್ಸಾಗುತ್ತಿತ್ತು. ಈ ಪ್ರಯಾಣದಲ್ಲಾದರೂ ಅವನು ಬಾಯಿ ಬಿಡುತ್ತಾನೆ ಎಂದು ಊರಿಗೆ ಊರೇ ನಂಬಿತ್ತು. ರೈನಾಳಂತೂ ಹೊಸ ಬೂಟು ಕೊಂಡಿದ್ದಳು.

ಇನ್ನು ತಲೆಯ ವಿಷಯ. ನಮ್ಮಲ್ಲಿ ತಲೆಯನ್ನು ಅಡ್ಡಡ್ಡ ಆಡಿಸಿದರೆ ಹೌದು, ಮೇಲೆ ಕೆಳಗೆ ಆಡಿಸಿದರೆ ಇಲ್ಲ. ಇದು ತೊಟ್ಟಿಲ ಮಗುವಿಗೂ ಗೊತ್ತು. ಉಳಿದ ಯುರೋಪಿಗೆ ಇದನ್ನು ಯಾರೋ ತಿರುಗಾಮುರುಗಾ ಕಲಿಸಿಬಿಟ್ಟಿದ್ದಾರೆ. ಅಲ್ಲಿ ಉದ್ದಕ್ಕೆ ಹೌದು, ಅಡ್ಡಕ್ಕೆ ಇಲ್ಲ. ತಪ್ಪು ಅವರದು, ಆದರೆ ಅವರು ಬಹಳ ಜನ ಇದ್ದಾರೆ.

ಮೊದಲ ಪೆಟ್ಟು ಬಿದ್ದದ್ದು ಬುಡಾಪೆಸ್ಟಿನಲ್ಲಿ. ರೈನಾ ಊರಿನಿಂದ ತನ್ನ ಕೈಯಾರೆ ಮಾಡಿದ ಉಪ್ಪುನೀರಿನ ಚೀಸಿನ ದೊಡ್ಡ ಡಬ್ಬಿ ತಂದಿದ್ದಳು. ಅದನ್ನು ಹಾಸ್ಟೆಲ್ಲಿನ ಫ್ರಿಜ್ಜಿನಲ್ಲಿ ಇಟ್ಟಿದ್ದೆವು. ಅಲ್ಲಿನ ಕೆಲಸದ ಹುಡುಗಿ ಡಬ್ಬಿಯ ಮುಚ್ಚಳ ತೆಗೆದು, ಮೂಗು ಮುಚ್ಚಿಕೊಂಡು, ಕಸದ ಬುಟ್ಟಿಯನ್ನು ತೋರಿಸಿ ಗಾಂಚೊನನ್ನು ಏನೋ ಕೇಳಿದಳು. ಗಾಂಚೊಗೆ ಯಾವ ಭಾಷೆಯೂ ಬರುವುದಿಲ್ಲ. ಬೇಡ, ಬೇಡ ಎಂದು ತಲೆಯನ್ನು ಮೇಲೆ ಕೆಳಗೆ ಆಡಿಸಿದ. ಹುಡುಗಿ ಡಬ್ಬಿ ಎತ್ತಿದಳು. ಇವನು ಇನ್ನೂ ಜೋರಾಗಿ ಆಡಿಸಿದ. ಅವಳು ಬುಟ್ಟಿಯ ಹತ್ತಿರ ಹೋದಷ್ಟೂ ಇವನ ಗಲ್ಲ ಎದೆಗೆ ಬಡಿಯುತ್ತಿತ್ತು. ತನ್ನ ಸಾಮಾನು ಬಿಸಾಡಲು ಇಷ್ಟು ಆನಂದದಿಂದ ಒಪ್ಪಿಗೆ ಕೊಟ್ಟ ಗಿರಾಕಿಯನ್ನು ಆ ಹುಡುಗಿ ಜನ್ಮದಲ್ಲಿ ಕಂಡಿರಲಾರಳು. ಡಬ್ಬಿ ಬುಟ್ಟಿಗೆ ಬಿತ್ತು. ಅವಳು ಇವನ ಭುಜ ತಟ್ಟಿ ಹೋದಳು.

ವಿಯೆನ್ನಾಕ್ಕೆ ಹೋಗುವ ರೈಲಿನಲ್ಲಿ ವೆಲಿಚ್ಕೊ ಸಭೆ ಕರೆದ.

"ಇವತ್ತಿಂದ ಎಲ್ಲರದ್ದೂ ಯುರೋಪಿನ ತಲೆ. ಉದ್ದಕ್ಕೆ ಹೌದು, ಅಡ್ಡಕ್ಕೆ ಇಲ್ಲ. ಊರಿಗೆ ವಾಪಸ್ ಹೋಗೋವರೆಗೂ."

"ನಾವೂ ಯುರೋಪಲ್ಲೇ ಇರೋದಲ್ವೇನೋ?" ಎಂದೆ ನಾನು.

"ನಕ್ಷೆಯಲ್ಲಿ ಇದೀವಿ ದೊಬ್ರಿ. ತಲೆಯಲ್ಲಿ ಇಲ್ಲ."

"ನನ್ನ ತಲೆ ನಮ್ಮಪ್ಪ ಕೊಟ್ಟಿದ್ದು. ಸೌತೆಕಾಯಿ ಕೀಳೋನು ಹೇಳಿದ ಅಂತ ತಿರುಗಿಸಲ್ಲ."

ರೈನಾ ನಕ್ಕು ಬೂಟಿನ ದಾರ ಕಟ್ಟುತ್ತ, "ನನಗೆ ಬೇಕಾದಾಗ ಬೇಕಾದ ಹಾಗೆ ಆಡಿಸ್ತೀನಿ, ನೀವು ಮೊದಲು ಇವನಿಗೆ ಕಲಿಸಿ, ಅದು ಈ ಜನ್ಮಕ್ಕೆ ಆಗೋದಲ್ಲ" ಎಂದಳು.

ಅವಳು ಹಾಗೆಂದಳು, ಮತ್ತು ಹಾಗೆಯೇ ನಂಬಿದಳು. ನೆನಪಿಡಬೇಕಾದದ್ದು ಇಷ್ಟೇ. ಗಾಂಚೊ ಮಾತ್ರ ವಿಯೆನ್ನಾ ಬರುವವರೆಗೂ ರೈಲಿನ ಕಿಟಕಿ ಗಾಜಿನಲ್ಲಿ ತನ್ನ ಮುಖ ನೋಡಿಕೊಂಡು, ಹೌದು, ಇಲ್ಲ, ಹೌದು, ಇಲ್ಲ ಎಂದು ಅಭ್ಯಾಸ ಮಾಡಿದ. ಎದುರು ಸೀಟಿನ ಮುದುಕಿ ತನ್ನ ಚೀಲವನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡಳು.

ವಿಯೆನ್ನಾದ ಹಾಸ್ಟೆಲ್ಲಿನ ಕೌಂಟರಿನಲ್ಲಿ ಕಿವಿಗೆ ನಾಲ್ಕಾರು ರಿಂಗು ಚುಚ್ಚಿಕೊಂಡಿದ್ದ ಒಬ್ಬ ಯುವಕ ಕೂತಿದ್ದ. ನಮ್ಮ ನಾಲ್ವರನ್ನೂ ನೋಡಿದ. ಗಾಂಚೊನನ್ನೂ ರೈನಾಳನ್ನೂ ಬೆರಳಿನಿಂದ ತೋರಿಸಿ, ಎರಡು ತೋರುಬೆರಳುಗಳನ್ನು ಒಂದಕ್ಕೊಂದು ಜೋಡಿಸಿ, ಹುಬ್ಬು ಹಾರಿಸಿದ. ನೀವಿಬ್ಬರೂ ಜೋಡಿಯೋ, ಇಬ್ಬರ ಕೋಣೆ ಕೊಡಲೋ ಎಂದು ಅರ್ಥ. ಇದಕ್ಕೆ ನಿಘಂಟು ಬೇಡ.

ಗಾಂಚೊ ಕಿವಿಯವರೆಗೂ ಕೆಂಪಾದ. ಇನ್ನೂ ಆಗಿಲ್ಲವಲ್ಲ, ಸುಳ್ಳು ಹೇಳಬಾರದಲ್ಲ. ಅಷ್ಟು ಹೊತ್ತು ಗಾಜಿನ ಮುಂದೆ ಕಲಿತ ವಿದ್ಯೆಯನ್ನೆಲ್ಲ ಕೂಡಿಸಿ, ಅಚ್ಚ ಯುರೋಪಿನವರಂತೆ ತಲೆಯನ್ನು ಅಡ್ಡಡ್ಡ ಆಡಿಸಿದ. ಇಲ್ಲ ಎಂದ. ಜೀವನದಲ್ಲಿ ಮೊದಲ ಬಾರಿ ಒಂದು ಕೆಲಸವನ್ನು ತಪ್ಪಿಲ್ಲದೆ ಮಾಡಿದ.

ಪಕ್ಕದಲ್ಲಿ ರೈನಾ ನಿಂತಿದ್ದಳು. ಗಾಂಚೊ ತಲೆ ಅಡ್ಡಡ್ಡ ಆಡಿಸುವುದನ್ನು ಅವಳು ಐವತ್ತು ವರ್ಷದಿಂದ ನೋಡಿದ್ದಾಳೆ. ಅವಳ ಪಾಲಿಗೆ ಅದು ಹೌದು. ಪರದೇಶದಲ್ಲಿ, ಪರಕೀಯನ ಎದುರು, ಎಲ್ಲರೂ ನೋಡುತ್ತಿರುವಾಗ, ಹೌದು, ಇವಳು ನನ್ನ ಜೋಡಿ.

ಆ ಸಂಜೆ ರೈನಾ ಕೂದಲಿಗೆ ಬಣ್ಣ ಹಚ್ಚಿಕೊಂಡಳು. ನಾಲ್ವರಿಗೂ ಒಂದೇ ಕೋಣೆ ಸಿಕ್ಕಿದ್ದನ್ನು ಇಬ್ಬರ ಕೋಣೆ ಖಾಲಿ ಇರಲಿಕ್ಕಿಲ್ಲ ಎಂದು ತಾನೇ ಸಮಾಧಾನ ಮಾಡಿಕೊಂಡಳು. ಮೇಲಿನ ಮಂಚದಲ್ಲಿ ವೆಲಿಚ್ಕೊ, ಕೆಳಗೆ ಪ್ರಾಣಭಯದಲ್ಲಿ ನಾನು. ಗಾಂಚೊ ಗೋಡೆಗೆ ಮುಖ ಮಾಡಿ ಗೊರಕೆ ಹೊಡೆದ. ಅವಳು ಇನ್ನೇನು ಹೇಳುತ್ತಾನೆ ಎಂದು ಕಾದಳು. ಕಾದು ಕಾದು, ತಡೆಯಲಾರದೆ, ಊರಿನಲ್ಲಿದ್ದ ತಂಗಿ ತ್ಸ್ವೆತಾನಳಿಗೆ ಫೋನ್ ಮಾಡಿದಳು.

ತ್ಸ್ವೆತಾನಾ ಊರಿನ ಅಂಚೆ ಕಚೇರಿಯಲ್ಲಿ ಕೆಲಸ ಮಾಡುತ್ತಾಳೆ. ಆ ಕಚೇರಿಯಲ್ಲಿ ಕಾಗದಗಳು ನಿಧಾನವಾಗಿ ಹೋಗುತ್ತವೆ, ಸುದ್ದಿ ಹಾಗಲ್ಲ.

ಮರುದಿನ ವೆನಿಸ್ಸಿನ ರೈಲು ಬೆಟ್ಟಗಳ ನಡುವೆ ಏರುತ್ತಿದ್ದಾಗ ಗಾಂಚೊನ ಫೋನ್ ರಿಂಗಣಿಸಿತು. ಅವನ ತಾಯಿ ತೋತಾ ಅಜ್ಜಿ. ಅಜ್ಜಿಗೆ ಕಿವಿ ಮಂದ, ಹಾಗಾಗಿ ಉಳಿದವರಿಗೂ ಮಂದ ಎಂದೇ ತಿಳಿದು ಮಾತಾಡುತ್ತಾಳೆ. ಇಡೀ ಬೋಗಿಗೆ ಕೇಳಿಸಿತು.

"ಲೋ ಮಗಾ, ಹೆತ್ತ ತಾಯಿಗೆ ಹೇಳೋಕಿಂತ ಮೊದಲು ವಿಯೆನ್ನಾದೋನಿಗೆ ಹೇಳ್ದೆಯಂತೆ?"

"ಏನಮ್ಮಾ?"

"ನಾಚ್ಕೋಬೇಡ. ಮದುವೆ ಊಟಕ್ಕೆ ಹಂದಿ ಗೊತ್ತು ಮಾಡಿದೀನಿ. ಬ್ಯಾಂಡಿನೋರಿಗೂ ಹೇಳಿದೀನಿ, ಕಹಳೆಯೋನಿಗೆ ಹಲ್ಲು ನೋವಂತೆ, ಅಷ್ಟರಲ್ಲಿ ವಾಸಿಯಾಗತ್ತೆ. ಊರಿನ ಅಧ್ಯಕ್ಷರು ಭಾಷಣ ಬರೀತಾ ಕೂತಿದಾರೆ. ರೈನಾ ಸಕ್ಕರೆ ಕಮ್ಮಿ ಹಾಕ್ತಾಳೆ ಕಾಫಿಗೆ, ಅದನ್ನ ನಾನು ಸರಿ ಮಾಡ್ಕೋತೀನಿ."

ಅಷ್ಟರಲ್ಲಿ ಟಿಕೆಟ್ ನೋಡುವವನು ಬಂದ. ಗಾಂಚೊ ಫೋನನ್ನು ಅವನ ಕೈಗೆ ಕೊಟ್ಟು, ಪಾಸನ್ನು ಕಿವಿಗೆ ಇಟ್ಟುಕೊಂಡ. ಟಿಕೆಟ್‌ನವನು ಫೋನಿನಿಂದ ಹೊರಬರುತ್ತಿದ್ದ ತೋತಾ ಅಜ್ಜಿಯನ್ನು ಸ್ವಲ್ಪ ಹೊತ್ತು ಕೇಳಿ, ಫೋನ್ ವಾಪಸ್ ಕೊಟ್ಟು, ಟೋಪಿ ಸರಿಪಡಿಸಿಕೊಂಡು, ನಮ್ಮ ಯಾರ ಟಿಕೆಟ್ಟನ್ನೂ ನೋಡದೆ ಮುಂದಕ್ಕೆ ಹೋದ.

ರೈನಾ ಆಗ ಮುಖ ತೊಳೆಯಲು ಹೋಗಿದ್ದಳು. ಗಾಂಚೊ ಕಣ್ಣು ಕಣ್ಣು ಬಿಟ್ಟ. "ಮದುವೆ ಗೊತ್ತಾಗಿದೆಯಂತೆ ಕಣ್ರೋ. ನನ್ನದು. ರೈನಾ ಜೊತೆ."

"ನಿನಗೆ ಇಷ್ಟ ತಾನೇ?" ಎಂದೆ.

"ಇಷ್ಟ ಅಂದ್ರೆ..." ಅವನ ಕಣ್ಣಲ್ಲಿ ನೀರು ಬಂತು. "ಇದಕ್ಕಿಂತ ಬೇರೇನು ಕೇಳಿದೀನಿ ನಾನು ಜೀವಮಾನದಲ್ಲಿ. ಆದರೆ ನಾನು ಯಾವಾಗ ಕೇಳಿದೆ ಅವಳನ್ನ?"

"ಕೇಳಿಲ್ಲ. ಈಗ ಕೇಳು. ಎದ್ದು ಹೋಗು, ಆ ಬಾತ್‌ರೂಮಿನ ಬಾಗಿಲಲ್ಲಿ ನಿಂತ್ಕೋ, ಬಂದ ತಕ್ಷಣ ಕೇಳು. ಎರಡು ಮಾತು. ನಿನ್ನ ಬಸ್ಸಿಗಿಂತ ಬೇಗ ಮುಗಿಯತ್ತೆ."

ಗಾಂಚೊ ಅರ್ಧ ಎದ್ದ. ಎದ್ದವನು ವೆಲಿಚ್ಕೊನ ಮುಖ ನೋಡಿದ.

"ಬಾತ್‌ರೂಮಿನ ಬಾಗಿಲಲ್ಲಾ?" ಎಂದ ವೆಲಿಚ್ಕೊ, ಕರುಣೆಯಿಂದ. "ಇವನು ಟ್ರ್ಯಾಕ್ಟರು ರಿಪೇರಿಯೋನು, ಇವನಿಗೇನು ಗೊತ್ತು. ನಾಳೆ ವೆನಿಸ್ಸು. ಸೇತುವೆ ಮೇಲೆ, ಮಂಡಿ ಊರಿ ಕೇಳಬೇಕು. ಯುರೋಪಲ್ಲಿ ಹೆಂಗಸರು ಮಂಡಿ ಊರದೆ ಕೇಳಿದ್ದನ್ನ ಲೆಕ್ಕಕ್ಕೇ ತಗೊಳಲ್ಲ."

ಗಾಂಚೊ ಕೂತ. ನನಗೆ ಬಂದ ಕೋಪಕ್ಕೆ ಅಪಾಯದ ಸರಪಳಿ ಎಳೆದು ರೈಲು ನಿಲ್ಲಿಸಿ ಇಬ್ಬರನ್ನೂ ಬೆಟ್ಟದ ಮೇಲೆ ಇಳಿಸಿಬಿಡಬೇಕು ಅನ್ನಿಸಿತು. ಇಳಿಸಬೇಕಾಗಿತ್ತು.

ವೆನಿಸ್ಸಿನಲ್ಲಿ ಸೇತುವೆಗೆ ಬರವಿಲ್ಲ. ವೆಲಿಚ್ಕೊ ಹುಡುಕಿ ಹುಡುಕಿ ಜನ ಅತಿ ಹೆಚ್ಚು ತುಂಬಿದ್ದ ಸೇತುವೆಯನ್ನೇ ಆರಿಸಿದ. ಗಾಂಚೊ ಬೆನ್ನಿನ ಚೀಲ ಇಳಿಸದೆಯೇ ಮಂಡಿ ಊರಿದ. ಚೀಲ ಅವನನ್ನು ಹಿಂದಕ್ಕೆ ಎಳೆಯಿತು. ನಾನು ಹಿಂದಿನಿಂದ ತಳ್ಳಿ ಹಿಡಿದುಕೊಂಡೆ. ಒಬ್ಬ ಮನುಷ್ಯನ ಬಾಳಿನ ಅತಿ ದೊಡ್ಡ ಗಳಿಗೆಯಲ್ಲಿ ಅವನ ಚೀಲಕ್ಕೆ ಭುಜ ಕೊಟ್ಟು ನಿಂತವನು ನಾನು.

ಜನ ನಿಂತರು. ಫೋನುಗಳು ಮೇಲೆದ್ದವು. ಕೆಳಗೆ ದೋಣಿಯವನು ಹುಟ್ಟು ನಿಲ್ಲಿಸಿ ಮೇಲೆ ನೋಡಿದ.

"ರೈನಾ," ಎಂದ ಗಾಂಚೊ, "ನಮ್ಮನೆಗೆ ಬಂದುಬಿಡ್ತೀಯಾ? ಅಮ್ಮ ಇದ್ದಾಳೆ, ಆದರೂ."

ನಾನು ಕೇಳಿದ ಮಟ್ಟಿಗೆ ಇದಕ್ಕಿಂತ ಪ್ರಾಮಾಣಿಕವಾದ ಮಾತನ್ನು ಯಾವ ಗಂಡೂ ಆಡಿಲ್ಲ. ರೈನಾ ಸುತ್ತ ನೋಡಿದಳು. ಇಷ್ಟೊಂದು ಜನ, ಯಾವ್ಯಾವುದೋ ದೇಶದವರು, ಉಸಿರು ಬಿಗಿ ಹಿಡಿದು ತನ್ನನ್ನೇ ನೋಡುತ್ತಿದ್ದಾರೆ. ಇವರಿಗೂ ತಿಳಿಯಲಿ ಅನ್ನಿಸಿತಂತೆ ಅವಳಿಗೆ. ತಾನು ಹೌದು ಅನ್ನುವುದನ್ನು ಇಡೀ ಲೋಕ ಒಂದೇ ಅರ್ಥದಲ್ಲಿ ನೋಡಲಿ ಎಂದು, ಕಣ್ಣು ತುಂಬಿಕೊಂಡು, ತಲೆಯನ್ನು ಮೇಲಿನಿಂದ ಕೆಳಕ್ಕೆ ಆಡಿಸಿದಳು.

ಲೋಕಕ್ಕೆ ತಿಳಿಯಿತು. ಸೇತುವೆಯ ತುಂಬ ಚಪ್ಪಾಳೆ ಬಿತ್ತು. ದೋಣಿಯವನು ಶಿಳ್ಳೆ ಹಾಕಿದ. ತಿಳಿಯದೆ ಉಳಿದವನು ಒಬ್ಬನೇ.

ಐವತ್ತು ವರ್ಷ ರೈನಾ ಆ ರೀತಿ ತಲೆ ಆಡಿಸಿದಾಗಲೆಲ್ಲ ಅದು ಇಲ್ಲ ಆಗಿತ್ತು. ಅವಳು ಯುರೋಪಿನ ತಲೆಗೆ ಒಪ್ಪಿಯೂ ಇರಲಿಲ್ಲ. ಗಾಂಚೊನ ಮುಖ ಸುಣ್ಣವಾಯಿತು. ತನ್ನ ಅವಮಾನಕ್ಕೆ ಇಷ್ಟು ಜನ ಚಪ್ಪಾಳೆ ತಟ್ಟುತ್ತಿದ್ದಾರಲ್ಲ ಎಂದು ಒಂದು ಸುತ್ತು ನೋಡಿದ. ಹಾಗೆಯೇ ಮೆಟ್ಟಿಲ ಮೇಲೆ ಕುಸಿದು ಕೂತ. ರೈನಾ ಸಂತೋಷಕ್ಕೆ ಹಾಗಾಗಿದೆ ಎಂದುಕೊಂಡು ಅವನ ಬೋಳು ತಲೆ ಸವರಿದಳು. ಅವನು ಕೈ ತಳ್ಳಿದ.

ಪೊಲೀಸ್ ಹೆಂಗಸೊಬ್ಬಳು ಬಂದಳು. ಎದೆಯ ಮೇಲೆ ಕೈ ಇಟ್ಟು ತೋರಿಸಿ, ನೋವಾ ಎಂದು ಕೇಳಿದಳು. ಗಾಂಚೊಗೆ ಆ ಹೊತ್ತಿಗೆ ಯುರೋಪು ಸತ್ತುಹೋಗಿತ್ತು. ಊರಿನ ತಲೆಯನ್ನೇ ಆಡಿಸಿದ. ಇಲ್ಲ, ಇಲ್ಲ, ಮೇಲೆ ಕೆಳಗೆ. ಆಂಬುಲೆನ್ಸ್ ಬೇಕಾ ಎಂದಳು. ಇಲ್ಲ, ಇಲ್ಲ, ಇನ್ನೂ ಜೋರಾಗಿ ಮೇಲೆ ಕೆಳಗೆ. ಅಲ್ಲಿ ಆಂಬುಲೆನ್ಸ್ ಎಂದರೆ ದೋಣಿ. ನೀರು ಸೀಳಿಕೊಂಡು ಬಂತು, ಇವನನ್ನು ಚೀಲ ಸಮೇತ ಮಲಗಿಸಿ, ಪಟ್ಟಿ ಕಟ್ಟಿ, ಕೂಗುತ್ತ ಹೋಯಿತು. ಸೇತುವೆಯ ಮೇಲಿನವರು ಮತ್ತೊಮ್ಮೆ ಚಪ್ಪಾಳೆ ತಟ್ಟಿದರು. ಪ್ರೀತಿ ಹೆಚ್ಚಾಗಿ ಎದೆ ಒಡೆದ ಗಂಡಸನ್ನು ಅವರು ನೋಡಿದ್ದು ಅದೇ ಮೊದಲಿರಬೇಕು.

ಆಸ್ಪತ್ರೆಯಲ್ಲಿ ಡಾಕ್ಟರು ಇಲ್ಲಿ ನೋವಾ, ಅಲ್ಲಿ ನೋವಾ ಎಂದು ಒತ್ತಿದ ಕಡೆಯೆಲ್ಲ ಗಾಂಚೊ ಇಲ್ಲ ಎಂದ, ಡಾಕ್ಟರು ಹೌದು ಎಂದು ಬರೆದುಕೊಂಡ. ಅವನ ಲೆಕ್ಕದಲ್ಲಿ ಕಾಲಿನ ಹೆಬ್ಬೆರಳಿನಿಂದ ಕಿವಿಯವರೆಗೆ ನೋವಿಲ್ಲದ ಜಾಗವೇ ಇರಲಿಲ್ಲ. ವೆಲಿಚ್ಕೊ ಭಾಷಾಂತರಕ್ಕೆ ಮುಂದಾದ. ಇಟಲಿಯ ಡಾಕ್ಟರಿಗೆ ಜರ್ಮನಿಯ ಮಾತು. ಅವನಿಗೆ ಬರುತ್ತಿದ್ದ ಜರ್ಮನ್ ಪದಗಳು ಬುಟ್ಟಿ, ಬೇಗ, ಸಾಲು ಬಿಡಬೇಡ. ಡಾಕ್ಟರು ಅವನ ಬಿಪಿಯನ್ನೂ ನೋಡಿದ.

ಮಧ್ಯಾಹ್ನಕ್ಕೆ ಬಿಟ್ಟು ಕಳಿಸಿದರು. ರೈನಾ ಹೊರಗಿನ ಬೆಂಚಿನಲ್ಲಿ ಇಡೀ ಹೊತ್ತು ಕೂತಿದ್ದಳು. ಗಾಂಚೊ ಅವಳನ್ನು ನೋಡದೆ ಅಂಗಳದ ಮೂಲೆಗೆ ಹೋಗಿ ತಾಯಿಗೆ ಫೋನ್ ಮಾಡಿ, "ಇಲ್ಲ ಅಂದ್ಲು ಅಮ್ಮಾ, ಆಸ್ಪತ್ರೆಯಲ್ಲಿದೀನಿ" ಎಂದು ಮಾತ್ರ ಹೇಳಿ ಇಟ್ಟ.

ಅಷ್ಟು ಸಾಕಾಯಿತು. ತೋತಾ ಅಜ್ಜಿ ಹಂದಿಯನ್ನು ಬಿಡಿಸಿದಳು, ಬ್ಯಾಂಡಿನವರಿಗೆ ಬೈದಳು, ಅಲ್ಲಿಂದ ನೇರ ಅಂಚೆ ಕಚೇರಿಗೆ ನಡೆದಳು. ಸಾಲಿನಲ್ಲಿ ನಿಂತಿದ್ದವರ ಎದುರಿಗೇ ತ್ಸ್ವೆತಾನಳಿಗೆ, ನಿಮ್ಮಕ್ಕ ನನ್ನ ಮಗನ ಮಾನವನ್ನು ಇಟಲಿಯ ನೀರಿಗೆ ಹಾಕಿದಳು, ಅವನು ಆಸ್ಪತ್ರೆಯಲ್ಲಿ ಸಾಯುತ್ತ ಬಿದ್ದಿದ್ದಾನೆ ಎಂದಳು. ಅಧ್ಯಕ್ಷರು ಬರೆದ ಭಾಷಣವನ್ನು ಇನ್ನೊಬ್ಬರ ಮದುವೆಗೆ ಎತ್ತಿಟ್ಟರು. ಮರುದಿನ ಬೆಳಿಗ್ಗೆ, ರೈನಾ ಬಾಣಲೆಗೆ ಮೊಟ್ಟೆ ಒಡೆಯುತ್ತಿದ್ದಾಗ, ತ್ಸ್ವೆತಾನಳ ಫೋನ್ ಬಂತು.

"ಅಕ್ಕಾ, ಹೌದು ಅಂತ ನನಗೆ ಹೇಳಿ, ಅವನಿಗೆ ಇಲ್ಲ ಅಂದ್ಯಂತೆ. ಊರಲ್ಲಿ ತಲೆ ಎತ್ತೋ ಹಾಗಿಲ್ಲ ನಾನು. ಏನು ಹುಡುಗಾಟ ಇದು?"

ಹೀಗೆ ನಾವು ಆ ಬಾಣಲೆಗೆ ಬಂದು ತಲುಪಿದೆವು.

"ವಿಯೆನ್ನಾದಲ್ಲಿ ಆ ಕಿವಿ ಚುಚ್ಚಿಕೊಂಡೋನ ಎದುರು ಹೌದು ಅಂದ್ಯಲ್ಲ ನೀನು. ಅದನ್ನ ನಂಬಿ ತಾನೇ ನಾನು ತಂಗಿಗೆ ಹೇಳಿದ್ದು," ಎಂದಳು ರೈನಾ.

"ನಾನು ಅಲ್ಲಿ ಇಲ್ಲ ಅಂದೆ."

ಬಾಣಲೆ ಒಂದು ಗೇಣು ಮೇಲೆದ್ದಿತು. "ಏನಂದೆ?"

"ಯುರೋಪಿನ ಇಲ್ಲ. ಅಡ್ಡಕ್ಕೆ. ಇನ್ನೂ ಆಗಿರಲಿಲ್ವಲ್ಲ, ಸುಳ್ಳು ಹೇಳಬಾರದು ಅಂತ."

"ಓಹೋ. ನಾನು ಅದನ್ನ ಹೌದು ಅಂತ ತಿಳ್ಕೊಂಡು ತಲೆಗೆ ಬಣ್ಣ ಹಚ್ಕೊಂಡು ಕೂತೆ. ನಾನು ಹೌದು ಅಂದಾಗ ನೀನು ಇಲ್ಲ ಅಂತ ತಿಳ್ಕೊಂಡು ಆಸ್ಪತ್ರೆಗೆ ಹೋಗಿ ಮಲಗಿದೆ."

"ಹೌದು," ಎಂದ ಗಾಂಚೊ, ತಲೆಯನ್ನು ಸುತ್ತಲೂ ಹೊರಳಿಸುತ್ತ. ಅದು ಯಾವ ದೇಶದ್ದೂ ಆಗಿರಲಿಲ್ಲ.

ನನಗೆ ತಡೆಯಲಾಗಲಿಲ್ಲ. ಮೇಜು ಗುದ್ದಿ ಎದ್ದೆ. "ಇನ್ನು ಈ ಕೋಣೆಯಲ್ಲಿ ಯಾರೂ ತಲೆ ಆಡಿಸಬಾರದು. ಬಾಯಿ ಇಲ್ವಾ ನಿಮಗೆ? ಗಾಂಚೊ, ಇನ್ನೊಂದ್ಸಲ ಕೇಳು. ರೈನಾ, ಇನ್ನೊಂದ್ಸಲ ಹೇಳು. ಬಾಯಲ್ಲಿ."

ಗೋಡೆಗೆ ಒರಗಿದ್ದವರ ನಡುವೆ ಸೆರ್ಬಿಯಾದ ಒಬ್ಬ ಬಣ್ಣ ಬಳಿಯುವವನಿದ್ದ. ನಮ್ಮ ಮಾತು ಅವನಿಗೆ ಮುಕ್ಕಾಲು ತಿಳಿಯುತ್ತಿತ್ತು. ಅಷ್ಟು ಹೊತ್ತು ಸುಮ್ಮನಿದ್ದು ಒಳಗೊಳಗೇ ನಗುತ್ತಿದ್ದವನು ಈಗ ಎಲ್ಲವನ್ನೂ ಉಳಿದವರಿಗೆ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದ. ಅಡುಗೆಮನೆ ಒಂದು ಸಲ ಹೋ ಎಂದಿತು. ಮಹಡಿಯಿಂದ ಇನ್ನೂ ಒಂದಷ್ಟು ಜನ ಟವೆಲ್ಲು ಸುತ್ತಿಕೊಂಡು ಇಳಿದು ಬಂದರು. ಪೋರ್ಚುಗಲ್ಲಿನ ಹುಡುಗಿ ಕುರ್ಚಿಯನ್ನು ಗಾಂಚೊನ ಕೈಯಿಂದ ಬಿಡಿಸಿ ಪಕ್ಕಕ್ಕಿಟ್ಟಳು. ಅವನು ಬಯಲಿಗೆ ಬಂದ.

"ಮಂಡಿ ಊರಬೇಕಾ?" ಎಂದು ಮೆಲ್ಲಗೆ ಕೇಳಿದ.

"ನಿಂತ್ಕೊಂಡೇ ಕೇಳೋ," ಎಂದಳು ರೈನಾ. ಅವಳ ದನಿ ಇಳಿದಿತ್ತು. ಬಾಣಲೆಯನ್ನು ಒಲೆಯ ಮೇಲಿಟ್ಟು ಎರಡೂ ಕೈಯಿಂದ ಮೇಜಿನ ಅಂಚು ಹಿಡಿದು, ಕತ್ತು ಅಲುಗದ ಹಾಗೆ ಸೆಟೆದು ನಿಂತಳು.

"ರೈನಾ, ನನ್ನನ್ನ ಮದುವೆ ಆಗ್ತೀಯಾ?"

"ಹೌದು," ಎಂದಳು ರೈನಾ. "ಆಗ್ತೀನಿ. ಕೇಳಿಸ್ತಾ? ಹೌದು."

ಸೆರ್ಬಿಯಾದವನು ಅದನ್ನು ಭಾಷಾಂತರ ಮಾಡುವ ಮೊದಲೇ ಎಲ್ಲರಿಗೂ ತಿಳಿದುಹೋಯಿತು. ಯಾರೋ ಚಮಚದಿಂದ ಪಾತ್ರೆ ಬಡಿದರು. ನನ್ನ ಕಣ್ಣಲ್ಲೂ ಏನೋ ಬಂತು, ಈರುಳ್ಳಿ ಇತ್ತು ಅಲ್ಲಿ.

ಗಾಂಚೊ ಒಂದು ಹೆಜ್ಜೆ ಮುಂದಿಟ್ಟ. ಇನ್ನೊಂದು ಇಟ್ಟಿದ್ದರೆ ಅವಳ ಕೈ ಸಿಗುತ್ತಿತ್ತು. ಅಲ್ಲೇ ನಿಂತ. ಅವನ ಹಣೆಯಲ್ಲಿ ಎರಡು ದಾರಿ ಕೂಡುವ ಜಾಗ ಮೂಡಿದ್ದನ್ನು ನಾನು ಕಣ್ಣಾರೆ ಕಂಡೆ. ಬೇಡವೋ ಪಾಪಿ ಎಂದು ಒಳಗೇ ಅಂದುಕೊಂಡೆ. ಅವನು ನಿಧಾನವಾಗಿ ತಿರುಗಿ, ಜಾಮ್ ಮೆತ್ತಿದ ಬ್ರೆಡ್ಡು ಹಿಡಿದು ಕೂತಿದ್ದ ವೆಲಿಚ್ಕೊನ ಮುಖ ನೋಡಿದ.

"ಏನಂತೀಯ?" ಎಂದ. "ಇದು ನಿಜವಾದ ಹೌದಾ? ಇಲ್ಲಾ, ಜನ ನೋಡ್ತಿದಾರೆ ಅಂತ ಹೇಳಿದ್ದಾ?"

ಒಬ್ಬ ತಜ್ಞನನ್ನು ಎಲ್ಲರೆದುರು ಪ್ರಶ್ನೆ ಕೇಳಿದರೆ ಅವನು ಬಿಡುವುದುಂಟೇ. ವೆಲಿಚ್ಕೊ ಬಾಯಲ್ಲಿದ್ದುದನ್ನು ಪೂರ್ತಿ ಅಗಿದು ನುಂಗಿದ. ಬೆರಳು ಒರೆಸಿಕೊಂಡ.

"ನೋಡು, ಯುರೋಪಲ್ಲಿ ಹೆಂಗಸರು ಮೊದಲನೇ ಸಲ ಹೌದು ಅಂದಾಗ..."

ರೈನಾ ಪೂರ್ತಿ ಕೇಳಲಿಲ್ಲ. ಒಲೆ ಆರಿಸಿದಳು. ನಲ್ಲಿ ಬಿಟ್ಟು ಕೈ ತೊಳೆದಳು, ಒಂದೊಂದೇ ಬೆರಳನ್ನು ಒರೆಸಿಕೊಂಡಳು. ಮೇಲೆ ಹೋಗಿ ಚೀಲ ಹಾಕಿಕೊಂಡು ಬಂದಳು. ಇಷ್ಟು ದಿನವೂ ಆ ಚೀಲದ ಪಟ್ಟಿಯನ್ನು ಅವಳಿಗೆ ಗಾಂಚೊ ಬಿಗಿದು ಕೊಡುತ್ತಿದ್ದ. ಈಗ ಅವಳೇ ಬಿಗಿದುಕೊಂಡಿದ್ದಳು.

ಬಾಗಿಲಲ್ಲಿ ಒಂದು ಕ್ಷಣ ನಿಂತು ಗಾಂಚೊನನ್ನು ನೋಡಿದಳು. ಕೋಪವಿರಲಿಲ್ಲ ಅವಳ ಮುಖದಲ್ಲಿ. ಇದ್ದಿದ್ದರೆ ನಾನು ಅಷ್ಟು ಹೆದರುತ್ತಿರಲಿಲ್ಲ.

"ಅವನನ್ನೇ ಕಟ್ಕೋ," ಎಂದಳು.

ಟವೆಲ್ಲು ಸುತ್ತಿಕೊಂಡವರು ಸರಿದು ದಾರಿ ಬಿಟ್ಟರು. ಮೆಟ್ಟಿಲ ಮೇಲೆ ಬೂಟಿನ ಸದ್ದು, ಆಮೇಲೆ ಬೀದಿಯ ಬಾಗಿಲಿನ ಸದ್ದು.

"ಹೋಗೋ," ಎಂದೆ ನಾನು ಗಾಂಚೊಗೆ. "ಓಡೋ."

ಅವನು ಓಡಿದ. ನಿಜಕ್ಕೂ ಓಡಿದ, ಬರಿಗಾಲಿನಲ್ಲಿ. ಆದರೆ ಬೀದಿಗೆ ಇಳಿದವನು ಬಾಗಿಲಲ್ಲೇ ನಿಂತುಬಿಟ್ಟ. ಎಡಕ್ಕೂ ದಾರಿ ಇತ್ತು, ಬಲಕ್ಕೂ ದಾರಿ ಇತ್ತು. ನಾನು ಇಳಿದು ಬರುವ ಹೊತ್ತಿಗೆ ಎರಡೂ ಕಡೆ ಖಾಲಿ.

"ಬರ್ತಾಳೆ ಬಿಡು," ಎಂದ ವೆಲಿಚ್ಕೊ, ಕಿಟಕಿಯಿಂದ ತಲೆ ಹೊರಗೆ ಹಾಕಿ. "ಯುರೋಪಲ್ಲಿ ಹೀಗೆ ಹೋಗಿ ಸಂಜೆಗೆ ಬರ್ತಾರೆ."

ಸಂಜೆಯಾಯಿತು. ಆ ದಿನ ಯಾರೂ ಊರು ನೋಡಲು ಹೋಗಲಿಲ್ಲ. ಫೋನ್ ಮಾಡಿದರೆ ತೆಗೆಯಲಿಲ್ಲ. ತ್ಸ್ವೆತಾನಳಿಗೆ ಮಾಡಿದರೆ ಅವಳು ನಮ್ಮ ಮೂವರ ಪೂರ್ವಿಕರನ್ನೂ ಹೆಸರು ಹಿಡಿದು ಬೈದು ಇಟ್ಟಳು. ಗಾಂಚೊ ಮಂಚದ ಅಂಚಿನಲ್ಲಿ ಕೂತೇ ಇದ್ದ. ಮರುದಿನ ಮಧ್ಯಾಹ್ನದ ಹೊತ್ತಿಗೆ ಹಾಸ್ಟೆಲ್ಲಿನ ಹುಡುಗಿ ಒಗೆದ ಹಾಸುಗಳನ್ನು ತೋಳಿನ ಮೇಲೆ ಹೊತ್ತು ನಮ್ಮ ಕೋಣೆಗೆ ಬಂದಳು. ರೈನಾಳ ಮಂಚ ತೋರಿಸಿ, ಬಾಗಿಲು ತೋರಿಸಿ, ಅವರು ಮತ್ತೆ ಬರುತ್ತಾರಾ ಎಂದು ಕೈಸನ್ನೆಯಲ್ಲಿ ಕೇಳಿದಳು.

ನಮ್ಮ ಮೂವರಲ್ಲಿ ಒಬ್ಬರ ತಲೆಯೂ ಅಲುಗಲಿಲ್ಲ.

ಅವಳು ಸ್ವಲ್ಪ ಹೊತ್ತು ಕಾದಳು. ಆಮೇಲೆ ಹಳೆಯ ಹಾಸು ಎಳೆದು, ಹೊಸದನ್ನು ಹಾಸಿ, ದಿಂಬು ತಟ್ಟಿ, ಹೊರಗೆ ಕಾಯುತ್ತಿದ್ದ ಯಾರನ್ನೋ ಒಳಗೆ ಕರೆದಳು.